ವಿಳಾಸ ಹಾಕದ ಒಂದು ರಿವ್ಯೂ: ಅಡಕೆ ಗೋಡೌನಿನ ಶನಿವಾರದ ವ್ಯಾಯಾಮದ ಬ್ಯಾಚು

ಮೊದಲೇ ಹೇಳಿಬಿಡ್ತೇನೆ, ಇದು ವಿಳಾಸ ಇಲ್ಲದ ರಿವ್ಯೂ. ಜಾಗದ ಹೆಸರಿಲ್ಲ, ಫೋನ್ ನಂಬರ್ ಇಲ್ಲ, ಮ್ಯಾಪಲ್ಲಿ ಕೆಂಪು ಬೊಟ್ಟು ಕೂಡ ಇಲ್ಲ. ಹಾಗಾದ್ರೆ ಬರೆಯುದು ಯಾಕೆ ಅಂತ ನೀವು ಕೇಳಬಹುದು, ಮನೆಯಲ್ಲಿ ಸಿಸ್ಟರ್ ಕೂಡ ಅದನ್ನೇ ಕೇಳಿದ್ಳು. ನಾನು ಹೇಳಿದೆ, ಮಿಕ್ಸಿ ತಕೊಂಡ್ರೆ ರಿವ್ಯೂ ಬರೀತೇವೆ, ಕುಕ್ಕರಿನ ರಬ್ಬರ್ ಸರಿ ಇಲ್ಲದಿದ್ರೆ ಬೈದು ಎರಡು ಪುಟ ಬರೀತೇವೆ, 61ನೇ ವಯಸ್ಸಲ್ಲಿ ನನ್ನನ್ನು ನೆಲದಿಂದ ಏಳಲಿಕ್ಕೆ ಕಲಿಸಿದ ಜಾಗದ ಬಗ್ಗೆ ಒಂದು ಮಾತು ಬರೆಯದೆ ಕೂತ್ರೆ ಅದು ಋಣ ಅಲ್ವಾ. ಅವಳು ಮಲಯಾಳದಲ್ಲಿ ಏನೋ ಗೊಣಗಿ ಒಳಗೆ ಹೋದ್ಳು, ಅಂದ್ರೆ ಬರಿ ಅಂತ ಅರ್ಥ.

ಸಿಸ್ಟರ್ ಅಂದ್ರೆ ನನ್ನ ಅಕ್ಕ ತಂಗಿ ಅಲ್ಲ. ಅವಳು ರಿಟೈರ್ಡ್ ಸ್ಟಾಫ್ ನರ್ಸ್, ಪಯ್ಯನ್ನೂರು ಕಡೆಯವಳು, ಊರಿಗೆಲ್ಲ ಸಿಸ್ಟರ್. ನಾನು ಕನ್ನಡ ಮೀಡಿಯಂ ಶಾಲೆಯಲ್ಲಿ 31 ವರ್ಷ ಪಾಠ ಮಾಡಿದವಳು, ಊರಿಗೆಲ್ಲ ಟೀಚರ್. ಇಬ್ಬರೂ 26 ವರ್ಷದಿಂದ ಒಂದೇ ಮನೆ, ಒಂದೇ ಒಲೆ. ಊರವರು ಸಿಸ್ಟರ್ ಸಿಸ್ಟರ್ ಅಂತ ಕರೆದು ಕರೆದು ಈಗ ಕೆಲವರಿಗೆ ನಾವು ನಿಜವಾಗಿಯೂ ಅಕ್ಕತಂಗಿ ಅಂತಲೇ ನಂಬಿಕೆ ಬಂದುಬಿಟ್ಟಿದೆ. ಒಬ್ಬಳು ಮಲಯಾಳ, ಇನ್ನೊಬ್ಬಳು ಕನ್ನಡ, ಇದೆಂತ ಅಕ್ಕತಂಗಿ ಅಂತ ಒಬ್ಬರಾದರೂ ಕೇಳಬೇಕಿತ್ತಲ್ಲ, ಯಾರೂ ಕೇಳಿಲ್ಲ. ಕಾಸರಗೋಡಿನ ಒಂದು ಸೌಕರ್ಯ ಅದು, ಇಲ್ಲಿ ಒಂದು ಮನೆಯಲ್ಲಿ ಮೂರು ಭಾಷೆ ಕೇಳಿದ್ರೂ ಯಾರಿಗೂ ಆಶ್ಚರ್ಯ ಇಲ್ಲ.

ಲೆಸ್ಬಿಯನ್ ಅಂತ ಶಬ್ದ ನಾನು ಬಾಯಿಬಿಟ್ಟು ಹೇಳಿದ್ದೇ ಈ ಬ್ಯಾಚಲ್ಲಿ, ಅದೂ ವಾರ್ಮ್ ಅಪ್ ಮಾಡ್ತಾ ಏದುಸಿರು ಬಿಡ್ತಾ ಇರುವಾಗ. ಅದರ ಕತೆ ಆಮೇಲೆ.

ಮೊದಲು ನಾವು ಬೇರೆ ಜಾಗ ನೋಡಲಿಲ್ಲ ಅಂತ ಅಲ್ಲ. ಪೇಟೆಯಲ್ಲಿ ಒಂದು ಜಿಮ್ಮಿಗೆ ಹೋದೆವು, ನಾಲ್ಕೂ ಗೋಡೆಗೆ ಕನ್ನಡಿ, ಮೂರು ದಿಕ್ಕಿಂದ ನನ್ನ ಹೊಟ್ಟೆ ನನಗೇ ಕಾಣ್ತದೆ. ರಿಸೆಪ್ಷನ್ ಹುಡುಗ ಒಂದು ಫಾರಂ ಕೊಟ್ಟ, ಹೆಸರಿನ ಕೆಳಗೆ ಗಂಡನ ಹೆಸರು. ಗಂಡ ಇಲ್ಲ ಅಂದೆ. "ಅಯ್ಯೋ ಸಾರಿ ಆಂಟಿ, ಯಾವಾಗ ಹೋದ್ದು?" ಅಂತ ಕೇಳಿದ. ಇಲ್ಲದ ಗಂಡನಿಗೆ ನಾನು ಅಲ್ಲೇ ಶ್ರಾದ್ಧ ಮಾಡುದು ಮಾತ್ರ ಬಾಕಿ. ಆಮೇಲೆ ವೆಯ್ಟ್ ಲಾಸ್ ಪ್ಯಾಕೇಜ್, ಮೂರು ತಿಂಗಳಲ್ಲಿ ಮದುವೆಗೆ ಮೊದಲಿನ ಶೇಪ್ ಬರ್ತದೆ ಅಂದ. ಸಿಸ್ಟರ್ ನಕ್ಕದ್ದು ಹೊರಗೆ ರೋಡಿನವರೆಗೆ ಕೇಳಿರಬೇಕು.

ಆಮೇಲೆ ಒಂದು ಹಾಲಲ್ಲಿ ಯೋಗ ಕ್ಲಾಸು. ಕಲಿಸುವವರು ಒಳ್ಳೆಯ ಹೆಂಗಸೇ, ಆದ್ರೆ ಪ್ರತಿ ಆಸನಕ್ಕೂ ಗಂಡ ಮಕ್ಕಳ ಕತೆ. ಇದು ಮಾಡಿದ್ರೆ ಗಂಡನ ಮೇಲೆ ಸಿಟ್ಟು ಕಮ್ಮಿ ಆಗ್ತದೆ, ಇದು ಮಾಡಿದ್ರೆ ಸೊಸೆ ಹತ್ರ ಹೊಂದಾಣಿಕೆ ಬರ್ತದೆ. ಕ್ಲಾಸು ಮುಗಿದ ಮೇಲೆ ಚಾ ಕುಡಿಯುವಾಗ ಮೊಮ್ಮಕ್ಕಳ ಫೋಟೋ ಪರೇಡ್. ನಾವಿಬ್ಬರು ಬಾಳೆಗಿಡದ ಪಕ್ಕ ನಿಂತ ಕೆಸುವಿನ ಹಾಗೆ ನಿಂತಿರ್ತಿದ್ದೆವು. ಯಾರೂ ಕೆಟ್ಟದ್ದು ಮಾತಾಡಿಲ್ಲ, ಅದು ಸತ್ಯ. ಆದ್ರೆ ಪ್ರತಿ ದಿನ ಅರ್ಧ ಗಂಟೆ ಸುಳ್ಳು ಹೇಳಬೇಕಾದ ಜಾಗಕ್ಕೆ ಹೋಗಿ ಉಸಿರು ಬಿಡುದು ಕಲಿಯುದು ಹೇಗೆ? ಒಂದೂವರೆ ತಿಂಗಳಿಗೆ ಬಿಟ್ಟೆವು.

ನಿಜವಾದ ಕತೆ ಶುರುವಾದ್ದು ಬಿದ್ದ ಮೇಲೆ. ಆಟಿ ತಿಂಗಳು, ಅಂಗಳದಲ್ಲಿ ಹಸಿರು ಪಾಚಿ, ಸಿಸ್ಟರ್ ಬಟ್ಟೆ ತೆಗಿಲಿಕ್ಕೆ ಅಂತ ಓಡಿದವಳು ಜಾರಿ ಧಡ್ ಅಂತ ಬಿದ್ಳು. ನಾನು ಓಡಿಹೋಗಿ ಎರಡು ಕೈ ಹಿಡಿದು ಎಳೆದೆ, ಅವಳು ಕಿರುಚಿದ್ಳು, ಇನ್ನೊಂದು ಬದಿಯಿಂದ ಎಳೆದೆ, ನನ್ನ ಸೊಂಟ ಕಳಕ್ ಅಂತು. ಮಳೆ ಸುರೀತಾ ಉಂಟು, ಇಬ್ಬರೂ ಅಂಗಳದಲ್ಲಿ. ಒಂದು ಛತ್ರಿ ಹಿಡ್ಕೊಂಡು ನಾನು ಅವಳ ಪಕ್ಕ ಕೂತೆ, ಪಕ್ಕದ ತೋಟದ ಆಳು ಬರುವವರೆಗೆ ಮುಕ್ಕಾಲು ಗಂಟೆ. ಕೂತುಕೊಂಡು ಯೋಚನೆ ಮಾಡಿದ್ದು ಒಂದೇ, ನಮಗೆ ಮಕ್ಕಳಿಲ್ಲ, ಅವಳಿಗೆ ನಾನು, ನನಗೆ ಅವಳು, ಒಬ್ಬಳು ಬಿದ್ರೆ ಎಬ್ಬಿಸಬೇಕಾದ್ದು ಇನ್ನೊಬ್ಬಳೇ, ಆ ಇನ್ನೊಬ್ಬಳಿಗೆ 12 ಕೆಜಿ ಅಕ್ಕಿ ಚೀಲ ಎತ್ತಲಿಕ್ಕೂ ಆಗುದಿಲ್ಲ.

ಆಸ್ಪತ್ರೆಯಲ್ಲಿ ಎಡಗೈ ಮಣಿಕಟ್ಟು ಮುರಿದಿದೆ ಅಂದ್ರು. ಯಾವ ಆಸ್ಪತ್ರೆ ಅಂತ ಬರೆಯುದಿಲ್ಲ, ಎಲ್ಲಿ ಹೋದ್ರೂ ಅದೇ ಪ್ರಶ್ನೆ, ನೀವು ಪೇಶೆಂಟಿಗೆ ಎಂತ ಆಗಬೇಕು. ಫ್ರೆಂಡ್ ಅಂದೆ. ಫ್ಯಾಮಿಲಿಯವರು ಯಾರಾದ್ರೂ ಇಲ್ವಾ ಅಂದ್ರು. ಪಯ್ಯನ್ನೂರಿಂದ ಅವಳ ಅಕ್ಕನ ಮಗ ಬಂದು ಸಹಿ ಹಾಕಿದ, ವರ್ಷಕ್ಕೆ ಒಂದು ಸಲ ಓಣಂಗೆ ಫೋನ್ ಮಾಡುವ ಹುಡುಗ. ಅವನ ತಪ್ಪಲ್ಲ, ಪಾಪ, ರಜೆ ಹಾಕಿ ಬಂದಿದ್ದ. ಆಮೇಲೆ ಮಂಗಳೂರಲ್ಲಿ ಮೂಳೆ ಎಷ್ಟು ಗಟ್ಟಿ ಉಂಟು ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು, ಅದರ ಅಂಕೆ, ಟಿ ಸ್ಕೋರ್, ಮೈನಸ್ 2.5ಕ್ಕಿಂತ ಕೆಳಗೆ, ಅಂದ್ರೆ ಆಸ್ಟಿಯೋಪೊರೋಸಿಸ್, ಮೂಳೆ ಟೊಳ್ಳಾಗುವ ಕಾಯಿಲೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಮ್ಮಿ ಆಗಿ ಮೂಳೆ ಬೇಗ ಬೇಗ ಸವೀತದೆ, ಜನ್ಮಪೂರ್ತಿ ಬೇರೆಯವರಿಗೆ ಕ್ಯಾಲ್ಸಿಯಂ ಮಾತ್ರೆ ಹಂಚಿದವಳು ತನ್ನದು ನೋಡಿಕೊಂಡಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈಗೆ ವ್ಯಾಯಾಮ ಮಾಡಿಸ್ಲಿಕ್ಕೆ ಮನೆಗೆ ಬಂದ ಫಿಸಿಯೋ ಹುಡುಗಿಯೇ ಈ ಬ್ಯಾಚಿನ ಮೂಲ. ತುಳು ಮಾತಾಡುವ ಹುಡುಗಿ, ಮಂಗಳೂರಲ್ಲಿ ಓದಿದವಳು, ವಯಸ್ಸು 30 ಇರಬಹುದು. ಮೂರನೇ ದಿನಕ್ಕೆ ಅವಳಿಗೆ ಮನೆಯ ಲೆಕ್ಕ ಗೊತ್ತಾಯ್ತು, ಒಂದೇ ಮಂಚ, ಎರಡು ದಿಂಬು. ಏನೂ ಹೇಳಲಿಲ್ಲ. ಹೋಗುವಾಗ ಮಾತ್ರ "ಟೀಚರೇ, ಶನಿವಾರ ಸಂಜೆ ಒಂದು ಬ್ಯಾಚ್ ಉಂಟು, ನಿಮ್ಮಂಥ ನಾಲ್ಕು ಜನ ಬರ್ತಾರೆ" ಅಂದ್ಳು. ನಮ್ಮಂಥ ಅಂದ್ರೆ ಎಂತ, ಮೊಣಕಾಲು ನೋವಿನವರಾ ಅಂತ ನಾನು ಕೇಳಿದೆ. "ಅದೂ ಹೌದು" ಅಂದ್ಳು.

ಈಗ ಜಾಗದ ಬಗ್ಗೆ. ತೋಟದ ಮಧ್ಯೆ ಒಂದು ಹಳೆ ಅಡಕೆ ಗೋಡೌನ್, ಹೆಂಚಿನ ಮಾಡು, ಸಿಮೆಂಟ್ ನೆಲ. ಒಂದು ಬದಿಯಲ್ಲಿ ಈಗಲೂ ಸೀಸನ್ನಲ್ಲಿ ಚೀಲ ಪೇರಿಸ್ತಾರೆ, ಆ ವಾಸನೆ ಕೆಲವರಿಗೆ ಆಗುದಿಲ್ಲ, ನನಗೆ ಅಪ್ಪನ ನೆನಪು ಬರ್ತದೆ. ಹತ್ತು ಪ್ಲಾಸ್ಟಿಕ್ ಕುರ್ಚಿ, ಹತ್ತು ಮ್ಯಾಟು, ರಬ್ಬರ್ ಬ್ಯಾಂಡು ಮೂರು ಬಣ್ಣದ್ದು, ಗೋಡೆಗೆ ಒಂದು ಕಬ್ಬಿಣದ ಪೈಪು ಹಿಡ್ಕೊಳ್ಳಲಿಕ್ಕೆ. ಡಂಬೆಲ್ ಇಲ್ಲ, ಒಂದು ಲೀಟರಿನ ಎಣ್ಣೆ ಬಾಟ್ಲಿಗೆ ಮರಳು ತುಂಬಿಸಿ ಇಟ್ಟಿದ್ದಾಳೆ. ಕನ್ನಡಿ ಇಲ್ಲ. ತೂಕ ನೋಡುವ ಮಿಷನ್ ಉಂಟು, ಆದ್ರೆ ಅದು ಅಡಕೆಗೆ.

ಫಾರಂ ಇಲ್ಲೂ ಉಂಟು. ಅರ್ಧ ಪುಟ. ಹೆಸರು, ವಯಸ್ಸು, ಬಿಪಿ ಶುಗರ್ ಉಂಟಾ, ಯಾವಾಗಾದ್ರೂ ಬಿದ್ದದ್ದುಂಟಾ, ಯಾವ ಮಾತ್ರೆ, ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡಬೇಕು. ಅಷ್ಟೇ. ಆ ಕೊನೆ ಸಾಲಿನ ಪಕ್ಕದಲ್ಲಿ ಸಂಬಂಧ ಅಂತ ಕಾಲಂ ಇಲ್ಲ. ನಾನು ಅವಳ ನಂಬರ್ ಬರೆದೆ, ಅವಳು ನನ್ನದು ಬರೆದ್ಳು. ಸುಮಾರು ಹೊತ್ತು ನಾನು ಆ ಕಾಗದ ಕೈಯಲ್ಲಿ ಹಿಡ್ಕೊಂಡೇ ನಿಂತಿದ್ದೆ. ಫಿಸಿಯೋ ಹುಡುಗಿ ನನಗೆ ತಲೆ ತಿರುಗ್ತಾ ಉಂಟು ಅಂತ ತಿಳಿದು ಕುರ್ಚಿ ತಂದ್ಳು.

ಬರುವವರು ಈಗ ಏಳು ಜನ, ಕೆಲವು ಶನಿವಾರ ಐದು. ಮಂಗಳೂರಿಂದ ರೈಲಲ್ಲಿ ಬರುವ ರಿಟೈರ್ಡ್ ಬ್ಯಾಂಕ್ ಅಕ್ಕ, ಕಾಞಂಗಾಡಿನಿಂದ ಇಬ್ಬರು, ಉಪ್ಪಳ ಕಡೆಯ ಒಬ್ಬರು ಟೈಲರ್, ನಾವಿಬ್ಬರು, ಮತ್ತೆ ಮುಳ್ಳೇರಿಯ ಆಚೆಯ ತೋಟದ ದೊಡ್ಡಮ್ಮ, 68. ದೊಡ್ಡಮ್ಮನ ಗಂಡ ತೀರಿ ಹತ್ತು ವರ್ಷ, ಮಕ್ಕಳು ಬೆಂಗಳೂರಲ್ಲಿ. ಅವರು ಬಂದ ಮೊದಲ ದಿನ ನಾನು ಒಂದು ಮೂರ್ಖತನ ಮಾಡಿದೆ, ಬರೆಯಲಿಕ್ಕೂ ನಾಚಿಕೆ ಆಗ್ತದೆ. "ನೀವು ಮದುವೆ ಆಗಿ ಮಕ್ಕಳಾದವರಲ್ವಾ, ನಿಮಗೆ ಇಲ್ಲಿ ಎಂತ?" ಅಂತ ಕೇಳಿದೆ. ಜನ್ಮಪೂರ್ತಿ ಬೇರೆಯವರು ನನ್ನತ್ರ ಕೇಳಿದ ಅದೇ ದಾಟಿಯಲ್ಲಿ. ದೊಡ್ಡಮ್ಮ ಸಿಟ್ಟು ಮಾಡಲಿಲ್ಲ. "ಅವರನ್ನೂ ಇಷ್ಟಪಟ್ಟದ್ದು ಹೌದು, ಅವಳನ್ನೂ ಇಷ್ಟಪಟ್ಟದ್ದು ಹೌದು. ಪಾಯಸ ಇಷ್ಟ ಅಂದಕೂಡಲೇ ಸಾರು ಸುಳ್ಳಾಗ್ತದಾ ಟೀಚರೇ?" ಅಂದ್ರು. ಬೈಸೆಕ್ಷುವಲ್ ಅಂತ ಶಬ್ದದ ಅರ್ಥ ಅಷ್ಟು ಚೆಂದಕ್ಕೆ ನನಗೆ ಯಾರೂ ಹೇಳಿರಲಿಲ್ಲ. ನಾನು ಆಗ ಏದುಸಿರು ಬಿಡ್ತಾ "ನಾನು ಲೆಸ್ಬಿಯನ್, ನನಗೆ ಬರೀ ಪಾಯಸ" ಅಂದೆ, ಗೋಡೌನಿನ ಹೆಂಚು ಹಾರುವ ಹಾಗೆ ಎಲ್ಲರೂ ನಕ್ಕರು, ನಾನು ಶಬ್ದ ಹೇಳಿದ್ದು ನನಗೇ ಗೊತ್ತಾದ್ದು ಆಮೇಲೆ.

ವ್ಯಾಯಾಮ ಹೇಗೆ ಅಂತ ಕೇಳಿದ್ರೆ, ಕಷ್ಟ ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ. ಒಂದು ಗಂಟೆ. ಹತ್ತು ನಿಮಿಷ ನಡಿಗೆ, ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುದು, ಗೋಡೆಗೆ ಕೈ ಕೊಟ್ಟು ಪುಶ್ ಅಪ್, ಹಿಮ್ಮಡಿ ಎತ್ತುದು, ಬ್ಯಾಂಡ್ ಎಳೆಯುದು, ಒಂದು ಪಾದದ ಎದುರಿಗೆ ಇನ್ನೊಂದು ಪಾದ ಇಟ್ಟು ಗೆರೆ ಮೇಲೆ ನಡೆಯುದು. ಗೋಡೆಯಲ್ಲಿ ಹಳೆ ಅಡಕೆ ಲೆಕ್ಕದ ಗೀಟುಗಳ ಪಕ್ಕ ಫಿಸಿಯೋ ಹುಡುಗಿ ಚಾಕಲ್ಲಿ ಬರೆದಿಟ್ಟದ್ದುಂಟು, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ, ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಬೆವರು ಬರುವ ಹಾಗೆ ನಡಿಗೆಯೋ ಕೆಲಸವೋ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, 65 ದಾಟಿದವರಿಗೆ ವಾರಕ್ಕೆ ಮೂರು ದಿನ ಬ್ಯಾಲೆನ್ಸಿಂದು. ನಾವೆಲ್ಲ ವಾಕಿಂಗ್ ಹೋದ್ರೆ ಸಾಕು ಅಂತ ನಂಬಿದವರು. ನಡೆದ್ರೆ ಹೃದಯಕ್ಕೆ ಒಳ್ಳೆದು, ಆದ್ರೆ ಜಾರಿದಾಗ ತಡಕೊಳ್ಳಲಿಕ್ಕೆ ತೊಡೆಯಲ್ಲಿ ಬಲ ಬೇಕು, ಆ ಬಲ ಬರೀ ನಡಿಗೆಯಿಂದ ಬರುದಿಲ್ಲ ಅಂತ ಅವಳು ಹೇಳುದು.

ಕುರ್ಚಿಯಿಂದ ಏಳುವ ಟೆಸ್ಟು 30 ಸೆಕೆಂಡಿಂದು, ಕೈ ಎದೆಗೆ ಕಟ್ಟಿಕೊಂಡು ಎಷ್ಟು ಸಲ ಎದ್ದು ನಿಲ್ತೀರಿ ಅಂತ ಎಣಿಸ್ತಾಳೆ. ನಾನು ಶುರುವಿಗೆ 7, ಈಗ 13. ದೊಡ್ಡಮ್ಮ ಬಂದ ದಿನವೇ 14. ಯಾಕೆ ಗೊತ್ತುಂಟಾ, ಅವರು ಈಗಲೂ ಮೆಟ್ಟುಕತ್ತಿ ಹಾಕಿ ನೆಲದಲ್ಲಿ ಕೂತು ಹಲಸಿನಕಾಯಿ ಕೊಚ್ಚುವವರು, ಅಡಕೆ ಸುಲಿಲಿಕ್ಕೂ ಕೂರ್ತಾರೆ. ನಾವು ಪೇಟೆಯವರು ಅಡುಗೆಮನೆಗೆ ಕಟ್ಟೆ ಹಾಕಿಸಿದೆವು, ಪಾಯಿಖಾನೆಗೆ ಕಮೋಡ್ ಇಡಿಸಿದೆವು, ಕೊನೆಗೆ ನೆಲ ಅಂದ್ರೆ ಬಿದ್ದಾಗ ಮಾತ್ರ ಮುಟ್ಟುವ ಜಾಗ ಆಯ್ತು.

ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲುದು ಇನ್ನೊಂದು. ಬ್ರೆಜಿಲಲ್ಲಿ 51ರಿಂದ 75 ವರ್ಷದವರ ಮೇಲೆ ಮಾಡಿದ ಒಂದು ಅಧ್ಯಯನ 2022ರಲ್ಲಿ ಬಂದದ್ದು, ಹತ್ತು ಸೆಕೆಂಡ್ ನಿಲ್ಲಲಿಕ್ಕೆ ಆಗದವರಲ್ಲಿ ಮುಂದಿನ ವರ್ಷಗಳಲ್ಲಿ ತೀರಿಹೋದವರು ಜಾಸ್ತಿ ಅಂತ. ಫಿಸಿಯೋ ಹುಡುಗಿ ಇದನ್ನು ಗಂಭೀರವಾಗಿ ಹೇಳಿದ್ದಕ್ಕೆ ದೊಡ್ಡಮ್ಮ "ಹಾಗಾದ್ರೆ ಕೊಕ್ಕರೆಗೆ ಸಾವೇ ಇಲ್ವಾ?" ಅಂದ್ರು. ಆ ದಿನ ಯಾರೂ ಹತ್ತು ಸೆಕೆಂಡ್ ನಿಲ್ಲಲಿಲ್ಲ, ನಗುದರಲ್ಲಿ.

ಆದ್ರೆ ನಾನು ದುಡ್ಡು ಕೊಡುದು ಮುಖ್ಯವಾಗಿ ಒಂದು ಪಾಠಕ್ಕೆ, ನೆಲದಿಂದ ಏಳುದು. ತಿಂಗಳಿಗೆ ಎರಡು ಸಲ ಮಾಡಿಸ್ತಾಳೆ. ಬಿದ್ದ ಕೂಡಲೇ ಏಳಲಿಕ್ಕೆ ಹೋಗಬಾರದು, ಒಂದು ನಿಮಿಷ ಹಾಗೇ ಮಲಗಿ ಎಲ್ಲಿ ನೋವು ಅಂತ ನೋಡಬೇಕು. ಆಮೇಲೆ ಮಗ್ಗುಲಿಗೆ ತಿರುಗುದು, ಮೊಣಕೈ ಊರುದು, ನಾಲ್ಕು ಕಾಲಲ್ಲಿ ಅಂಬೆಗಾಲು ಹಾಕಿ ಗಟ್ಟಿ ಕುರ್ಚಿಯ ಹತ್ರ ಹೋಗುದು, ಎರಡೂ ಕೈ ಕುರ್ಚಿಗೆ, ಬಲ ಇರುವ ಕಾಲು ಮುಂದೆ, ಒತ್ತಿ ಎದ್ದು ತಿರುಗಿ ಕೂರುದು. ಇನ್ನೊಬ್ಬರನ್ನು ಎಬ್ಬಿಸುದಾದ್ರೆ ಕೈ ಹಿಡಿದು ಎಳೀಲೇ ಬಾರದು, ನಾನು ಅಂಗಳದಲ್ಲಿ ಮಾಡಿದ್ದೇ ಅದು, ಮುರಿದ ಮಣಿಕಟ್ಟನ್ನು ಎಳೆದದ್ದು. ಒಂದು ಕುರ್ಚಿ ಅವರ ಎದುರಿಗೆ, ಅವರು ಮೊಣಕಾಲೂರಿ ಅದಕ್ಕೆ ಕೈ ಕೊಡಬೇಕು, ಅರ್ಧ ಎದ್ದಾಗ ನಾವು ಇನ್ನೊಂದು ಕುರ್ಚಿ ಹಿಂದಿನಿಂದ ತಂದು ಇಡಬೇಕು. ಎತ್ತುದು ನಾವಲ್ಲ, ಏಳುದು ಅವರು, ನಾವು ಕುರ್ಚಿ ಇಡುವವರು. ಏಳಲಿಕ್ಕೇ ಆಗದಿದ್ರೆ, ಸೊಂಟವೋ ಕುತ್ತಿಗೆಯೋ ನೋವಿದ್ರೆ, ಅಲ್ಲಾಡಿಸದೆ ಹೊದಿಸಿ 108ಕ್ಕೆ ಫೋನ್ ಮಾಡುದು.

ಮೊದಲ ಸಲ ಇದನ್ನು ಮಾಡುವಾಗ ಸಿಸ್ಟರ್ ನೆಲದಲ್ಲಿ, ನಾನು ಎರಡನೇ ಕುರ್ಚಿ ಹಿಡ್ಕೊಂಡು ಹಿಂದೆ. ಅವಳು ಎದ್ದು ಕೂತ ಕೂಡಲೇ ತಿರುಗಿ ನನ್ನ ಕೈ ಹಿಡ್ಕೊಂಡ್ಳು, ಎಲ್ಲರ ಎದುರಿಗೆ. 26 ವರ್ಷದಲ್ಲಿ ಮನೆಯ ಹೊರಗೆ ಅವಳು ಹಾಗೆ ಕೈ ಹಿಡಿದದ್ದು ನನಗೆ ನೆನಪಿಲ್ಲ. ಬಸ್ಸಲ್ಲಿ ಕೂಡ ನಡುವೆ ಹ್ಯಾಂಡ್ ಬ್ಯಾಗ್ ಇಡುವವಳು.

ಹೀಗೆ ನಮ್ಮಂಥವರಿಗೇ ಬೇರೆ ವ್ಯಾಯಾಮ ಯಾಕೆ, ಎಲ್ಲರ ಮೊಣಕಾಲೂ ಒಂದೇ ಅಲ್ವಾ ಅಂತ ನನ್ನ ಹಳೆ ಸಹೋದ್ಯೋಗಿಯೊಬ್ಬರು ಕೇಳಿದ್ರು, ಗೊತ್ತಿರುವ ಇಬ್ಬರು ಮೂವರಲ್ಲಿ ಅವರೊಬ್ಬರು. ಮೊಣಕಾಲು ಒಂದೇ ಹೌದು. ಬ್ಯಾಂಕ್ ಅಕ್ಕ ಇದರ ಬಗ್ಗೆ ತುಂಬ ಓದ್ತಾರೆ. ಅಮೆರಿಕದಲ್ಲಿ ಸರ್ಕಾರದ ಮಹಿಳಾ ಆರೋಗ್ಯ ಕಚೇರಿಯೇ ದುಡ್ಡು ಕೊಟ್ಟು 40 ದಾಟಿದ ಲೆಸ್ಬಿಯನ್ ಮತ್ತು ಬೈಸೆಕ್ಷುವಲ್ ಹೆಂಗಸರಿಗೆ ಅಂತಲೇ ಬೇರೆ ಬೇರೆ ಊರುಗಳಲ್ಲಿ ಐದು ಕಾರ್ಯಕ್ರಮ ನಡೆಸಿತ್ತು, ಕೆಲವು 12 ವಾರ, ಕೆಲವು 16 ವಾರ, ಅದರ ವರದಿಗಳು 2016ರಲ್ಲಿ ಬಂದವು. ಅಲ್ಲಿಯ ಅಧ್ಯಯನಗಳಲ್ಲಿ ನಮ್ಮಂಥವರಲ್ಲಿ ತೂಕ ಜಾಸ್ತಿ ಇರುವವರು ಬೇರೆ ಹೆಂಗಸರಿಗಿಂತ ಹೆಚ್ಚು ಕಂಡದ್ದು, ಡಾಕ್ಟರತ್ರ ಹೋಗ್ಲಿಕ್ಕೆ ಹಿಂಜರಿಯುದೂ ಕಂಡದ್ದು. ಇಲ್ಲಿಯ ಲೆಕ್ಕ ಯಾರೂ ತೆಗೆದು ನನ್ನ ಕಣ್ಣಿಗೆ ಬಿದ್ದಿಲ್ಲ, ನನ್ನ ಲೆಕ್ಕ ನನಗೆ ಗೊತ್ತುಂಟು. ಮ್ಯಾಮೊಗ್ರಾಂ, ಅಂದ್ರೆ ಸ್ತನದ ಎಕ್ಸ್‌ರೇ, ಮಾಡಿಸ್ಲಿಕ್ಕೆ ನಾನು 61ರವರೆಗೆ ಹೋಗಲಿಲ್ಲ, ಕಾರಣ ಮಿಷನಿನ ಹೆದರಿಕೆ ಅಲ್ಲ, ಮಕ್ಕಳೆಷ್ಟು ಮದುವೆ ಯಾವಾಗ ಅಂತ ಕೇಳುವ ಹುಡುಗಿಯ ಹೆದರಿಕೆ. ಮಕ್ಕಳನ್ನು ಹೆರದವರಿಗೆ ಸ್ತನದ ಕ್ಯಾನ್ಸರಿನ ಅಪಾಯ ಸ್ವಲ್ಪ ಜಾಸ್ತಿ ಅಂತ ಗೊತ್ತಿದ್ದೂ ಹೋಗಲಿಲ್ಲ, ಮನೆಯಲ್ಲೇ ನರ್ಸ್ ಇದ್ದೂ ಹೋಗಲಿಲ್ಲ. ಕೊನೆಗೆ ಈ ಬ್ಯಾಚಿನ ನಾಲ್ಕು ಜನ ಒಂದೇ ದಿನ ರೈಲು ಹತ್ತಿ ಮಂಗಳೂರಿಗೆ ಹೋಗಿ ಮಾಡಿಸಿಕೊಂಡು, ಬರುವಾಗ ಗೋಳಿಬಜೆ ತಿಂದು ಬಂದೆವು. ಮಕ್ಕಳೆಷ್ಟು ಅಂತ ಕೇಳಿದ್ದಕ್ಕೆ ದೊಡ್ಡಮ್ಮ ನಮ್ಮನ್ನೆಲ್ಲ ತೋರಿಸಿ "ಇವರೆಲ್ಲ ನನ್ನವೇ" ಅಂದ್ರು.

ಅಮೆರಿಕದ ಆ ಐದು ಕಾರ್ಯಕ್ರಮಗಳಲ್ಲಿ ಒಂದರ ಹೆಸರು ಲಿವಿಂಗ್ ಔಟ್, ಲಿವಿಂಗ್ ಆಕ್ಟಿವ್‌ಲಿ, ಚುಟುಕಾಗಿ ಲೋಲಾ. ಇದನ್ನು ಕೇಳಿ ಟೈಲರ್ ಅಕ್ಕ "ಲೋಲಾಕಾ?" ಅಂದ್ರು, ಅಲ್ಲಿಗೆ ನಮ್ಮ ವಾಟ್ಸಾಪ್ ಗುಂಪಿಗೆ ಹೆಸರು ಆಯ್ತು, ಲೋಲಾಕು. ಯಾರ ಮನೆಯಲ್ಲಿ ಯಾರು ಮೊಬೈಲ್ ನೋಡಿದ್ರೂ ಒಡವೆ ಚೀಟಿ ಅಂತ ಎಣಿಸ್ತಾರೆ. ಅಲ್ಲಿಯದ್ದೇ ಇನ್ನೊಂದು ಸಂಘ ಉಂಟು, ಓಲ್ಡ್ ಲೆಸ್ಬಿಯನ್ಸ್ ಆರ್ಗನೈಸಿಂಗ್ ಫಾರ್ ಚೇಂಜ್, 60 ದಾಟಿದವರಿಗೆ. ಹಿರಿಯ ಗಿರಿಯ ಅಂತ ನಯ ಮಾಡದೆ ಸೀದಾ ಮುದುಕಿ ಅಂತ ಹೇಳ್ಕೊಳ್ಳುವವರು ಅವರು. ನನಗೆ ಅದು ಭಾರಿ ಖುಷಿ ಆಯ್ತು. ಸಿಸ್ಟರಿಗೆ ಆಗಲಿಲ್ಲ, ಅವಳು ಈಗಲೂ ತಲೆಗೆ ಬಣ್ಣ ಹಾಕ್ತಾಳೆ.

ಕೇರಳದಲ್ಲಿ ನಮ್ಮಂಥವರಿಗೆ ಯಾರೂ ಇಲ್ಲ ಅಂತ ಅಲ್ಲ, 2002ರಿಂದ ಸಹಯಾತ್ರಿಕ ಅಂತ ಉಂಟು, ಲೆಸ್ಬಿಯನ್ ಬೈಸೆಕ್ಷುವಲ್ ಹೆಂಗಸರಿಗಾಗಿ ಕೆಲಸ ಮಾಡುವವರು, ಸಿಸ್ಟರ್ ಅವರ ಬರಹ ಮಲಯಾಳದಲ್ಲಿ ಓದಿ ನನಗೆ ಹೇಳ್ತಾಳೆ. ಆದ್ರೆ ಅವರಿರುವುದು ತೃಶ್ಶೂರು ಕಡೆ, ಬೆಂಗಳೂರಲ್ಲಿ ಇರುವವರದ್ದು ಬೇರೆ ಲೋಕ. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದ ಮೇಲೆ ಎಲ್ಲ ವಿಷಯದಲ್ಲೂ ನಮ್ಮ ಅವಸ್ಥೆ ಇದೇ, ತೆಂಕಕ್ಕೂ ದೂರ, ಮೂಡಕ್ಕೂ ದೂರ. ಈ ಬ್ಯಾಚಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ ತುಳು ಮಲಯಾಳ ಮೂರೂ ಬರ್ತದೆ. "ಬಲತ್ತೆ ಕಾಲು ಮುಂದೆ, ಬೆರಿ ಸರ್ತ" ಅಂತ ಫಿಸಿಯೋ ಹುಡುಗಿ ಕೂಗುದು, ಬಲಗಾಲು ಮುಂದೆ, ಬೆನ್ನು ನೆಟ್ಟಗೆ ಅಂತ ಅರ್ಥ, ಏಳು ಜನರಿಗೂ ಅರ್ಥ ಆಗ್ತದೆ.

ಮುಗಿದ ಮೇಲೆ ಅರ್ಧ ಗಂಟೆ ಚಾ. ಅದಕ್ಕೆ ಬೇರೆ ಚಾರ್ಜ್ ಇಲ್ಲ, ತಿಂಡಿ ಸರದಿಯಲ್ಲಿ ನಾವೇ ತರುದು. ವ್ಯಾಯಾಮದಲ್ಲಿ ಇಳಿದದ್ದು ದೊಡ್ಡಮ್ಮನ ಹಲಸಿನ ಹಪ್ಪಳದಲ್ಲಿ ವಾಪಸ್. ಆದ್ರೆ ಉಪಯೋಗದ ಮಾತು ಎಲ್ಲ ಆಗುದು ಆಗಲೇ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ 377ನೇ ಕಲಂ ಸಡಿಲ ಮಾಡಿ ನಮ್ಮಂಥವರ ಸಂಬಂಧ ಅಪರಾಧ ಅಲ್ಲ ಅಂತ ಹೇಳಿದ ದಿನ ನಾವಿಬ್ಬರು ಮನೆಯಲ್ಲಿ ಟಿವಿ ವಾಲ್ಯೂಮ್ ಕಮ್ಮಿ ಮಾಡಿ ನೋಡಿದವರು, 2023ರ ಅಕ್ಟೋಬರಲ್ಲಿ ಮದುವೆಯ ಹಕ್ಕು ಕೊಡಲಿಕ್ಕೆ ಆಗುದಿಲ್ಲ ಅಂತ ತೀರ್ಪು ಬಂದಾಗ ಟಿವಿಯನ್ನೇ ಬಂದ್ ಮಾಡಿದವರು. ಬ್ಯಾಂಕಲ್ಲಿ ಜಾಯಿಂಟ್ ಅಕೌಂಟ್ ಮಾಡ್ಲಿಕ್ಕೆ, ಜೊತೆಗಾರರನ್ನು ನಾಮಿನಿ ಮಾಡ್ಲಿಕ್ಕೆ ನಮ್ಮಂಥವರಿಗೆ ಯಾವ ಅಡ್ಡಿಯೂ ಇಲ್ಲ ಅಂತ ಕೇಂದ್ರ ಸರ್ಕಾರ 2024ರ ಆಗಸ್ಟಲ್ಲಿ ಸ್ಪಷ್ಟ ಮಾಡಿದೆ ಅಂತ ಗೊತ್ತಾದ್ದು ಬ್ಯಾಂಕ್ ಅಕ್ಕ ಪತ್ರೊಡೆ ತಿಂತಾ ಹೇಳಿದಾಗ. ಮರು ವಾರವೇ ಹೋಗಿ ಮಾಡಿಸಿದೆವು. ಇಬ್ಬರ ಉಯಿಲು ಕೂಡ ಬರೆಸಿ ಆಯ್ತು.

ಇನ್ನು ಕೊರತೆ. ಬರೀ ಹೊಗಳಿದ್ರೆ ರಿವ್ಯೂ ಅಲ್ಲ, ಅಭಿನಂದನಾ ಭಾಷಣ. ಪಾಯಿಖಾನೆ ಗೋಡೌನಿನ ಹೊರಗೆ, ಮೂರು ಮೆಟ್ಟಿಲು, ಹಿಡಿಲಿಕ್ಕೆ ಏನೂ ಇಲ್ಲ. ಬೀಳದ ಹಾಗೆ ಕಲಿಸುವ ಕ್ಲಾಸಿಗೆ ಬಂದು ಅಲ್ಲೇ ಬೀಳುವ ಏರ್ಪಾಡು. ನಾಲ್ಕು ತಿಂಗಳಿಂದ ಹೇಳ್ತಾ ಇದ್ದೇನೆ, ಫಿಸಿಯೋ ಹುಡುಗಿ ಮುಂದಿನ ವಾರ ಮುಂದಿನ ವಾರ ಅಂತಾಳೆ. ಅರ್ಧ ಸ್ಟಾರ್ ಇದಕ್ಕೇ ಕಟ್. ಹುಡುಗಿ ಹಾಕುವ ಹಾಡು ಎಲ್ಲ ಢಂ ಢಂ, ಚೆಂಡೆ ಅಂತೂ ಅಲ್ಲ, ಚೆಂಡೆ ಆಗಿದ್ರೆ ನಾವೂ ಎರಡು ದಿಗಿಣ ಹಾರ್ತಿದ್ದೆವೋ ಏನೋ. ಹರತಾಳ ಇದ್ರೆ ಇಲ್ಲ, ಯಾವುದಾದ್ರೂ ಮನೆಯಲ್ಲಿ ತುರ್ತು ಪೇಶೆಂಟ್ ಇದ್ರೆ ಇಲ್ಲ, ಮೂರು ಗಂಟೆಗೆ ಮೆಸೇಜ್ ಬರ್ತದೆ ಇವತ್ತು ಕ್ಯಾನ್ಸಲ್ ಅಂತ, ಅಷ್ಟರಲ್ಲಿ ಬ್ಯಾಂಕ್ ಅಕ್ಕ ಕುಂಬಳೆ ದಾಟಿ ಆಗಿರ್ತದೆ. ಹೈವೇಯಲ್ಲಿ ಆರು ಲೇನಿನ ಕೆಲಸ ಶುರುವಾದ ಮೇಲೆ ಬಸ್ಸು ಎಲ್ಲಿ ನಿಲ್ತದೆ ಅಂತ ದೇವರಿಗೇ ಗೊತ್ತು, ಆಟೋದವನು ತೋಟದ ಒಳಗೆ ಬರ್ಲಿಕ್ಕೆ ಐವತ್ತು ಜಾಸ್ತಿ ಕೇಳ್ತಾನೆ.

ಫೀಸು ಒಂದು ಶನಿವಾರಕ್ಕೆ 150. ಪೆನ್ಶನ್ ಬರುವ ನಮಗೆ ಅದು ದೊಡ್ಡದಲ್ಲ, ಟೈಲರ್ ಅಕ್ಕನಿಗೆ ಅದು ಎರಡು ಬ್ಲೌಸಿನ ಕೂಲಿ. ಅವರು ಫೀಸಿನ ಬದಲಿಗೆ ಎಲ್ಲರ ಪ್ಯಾಂಟಿಗೆ ಎಲಾಸ್ಟಿಕ್ ಹಾಕಿಕೊಡ್ತಾರೆ, ಅದು ಅವರೇ ಹಟ ಮಾಡಿದ್ದು. ಆದ್ರೆ ದಿನಗೂಲಿಗೆ ಹೋಗುವ, ಮಗ ಸೊಸೆಯ ಮನೆಯಲ್ಲಿ ಇರುವ, ಶನಿವಾರ ಸಂಜೆ ಎಲ್ಲಿಗೆ ಅಂತ ಕೇಳಿದ್ರೆ ಉತ್ತರ ಇಲ್ಲದ ಹೆಂಗಸು ಇಲ್ಲಿಗೆ ಬರುದು ಹೇಗೆ? ಬರ್ಲಿಕ್ಕೆ ಆಗುದಿಲ್ಲ. ಪರಿಚಯದವರು ಹೇಳಿದ್ರೆ ಮಾತ್ರ ಗೊತ್ತಾಗುವ ಜಾಗ ಇದು, ಅದರಿಂದಲೇ ಉಳಿದದ್ದು, ಅದರಿಂದಲೇ ಏಳೇ ಜನ. ಇದಕ್ಕೆ ಎಷ್ಟು ಸ್ಟಾರ್ ಕಟ್ ಮಾಡಬೇಕು ಅಂತ ನನಗೆ ತೋಚುದಿಲ್ಲ, ಕಟ್ ಮಾಡಿದ್ರೆ ಅದು ಹುಡುಗಿಯ ಲೆಕ್ಕದಿಂದ ಅಲ್ಲ, ಊರಿನ ಲೆಕ್ಕದಿಂದ.

ಫಿಸಿಯೋ ಹುಡುಗಿ ನಮ್ಮವಳಲ್ಲ, ಮದುವೆ ಆಗಿ ಒಂದು ಮಗು ಉಂಟು. ಶುರುವಿಗೆ ಒಂದು ದಿನ ನನ್ನತ್ರ ಬಂದು ಸಂಕೋಚದಲ್ಲಿ "ಟೀಚರೇ, ನಿಮ್ಮಿಬ್ಬರಲ್ಲಿ ಗಂಡನ ಹಾಗೆ ಯಾರು?" ಅಂತ ಕೇಳಿದ್ಳು. ನಾನು ಹೇಳಿದೆ, ಗ್ಯಾಸ್ ಸಿಲಿಂಡರ್ ಬದಲಿಸುದು ಅವಳು, ಜಿರಳೆ ಹೊಡೆಯುದು ನಾನು, ನೀನೇ ಲೆಕ್ಕ ಹಾಕು. ಪಾಪ ಕೆಂಪಾದ್ಳು. ಆಮೇಲೆ ಕೇಳಲಿಲ್ಲ. ತಪ್ಪು ಮಾಡಿದ್ರೆ ತಿದ್ದಿಕೊಳ್ತಾಳೆ, ಅಷ್ಟು ಸಾಕು ನನಗೆ. ಮನಸ್ಸಿನ ವಿಷಯ ಬಂದ್ರೆ ಅವಳಿಗೆ ಅಷ್ಟು ತಿಳಿಯುದಿಲ್ಲ, ಕಾಞಂಗಾಡಿನ ಒಬ್ಬರು ಒಂದು ದಿನ ಮ್ಯಾಟಲ್ಲೇ ಅಳಲಿಕ್ಕೆ ಶುರು ಮಾಡಿದಾಗ ಅವಳು ಗಾಬರಿಯಾಗಿ ಬಿಪಿ ಮಿಷನ್ ತಂದ್ಳು. ಬಿಪಿ ನಾರ್ಮಲ್ ಇತ್ತು.

ತೂಕ ಇಳಿದದ್ದು ಎಷ್ಟು ಅಂತ ಕೇಳಬೇಡಿ, ಒಂದೂವರೆ ಕೆಜಿ, ಅದೂ ಜ್ವರ ಬಂದಾಗ. ಆದ್ರೆ ಮೊನ್ನೆ ಅಕ್ಕಿ ಚೀಲ ನಾನೇ ಆಟೋದಿಂದ ಇಳಿಸಿ ಒಳಗಿಟ್ಟೆ. ಸಿಸ್ಟರ್ ಬಾಗಿಲಲ್ಲಿ ಕುರ್ಚಿ ಹಿಡ್ಕೊಂಡು ನಿಂತಿದ್ಳು, ಯಾವುದಕ್ಕೂ ಇರಲಿ ಅಂತ.

ರೇಟಿಂಗ್ ಐದಕ್ಕೆ ನಾಲ್ಕು. ಕೈಹಿಡಿ ಹಾಕಿಸಿದ ದಿನ ನಾಲ್ಕೂವರೆ ಮಾಡ್ತೇನೆ. ಯಾರಿಗಾದ್ರೂ ಬರಬೇಕು ಅಂತ ಇದ್ರೆ ವಿಳಾಸ ಕೇಳಬೇಡಿ, ನಿಮ್ಮ ಊರಿನ ಫಿಸಿಯೋ ಯಾರಾದ್ರೂ ಬಾಯಿ ಗಟ್ಟಿ ಇರುವವರಿದ್ರೆ ಅವರಲ್ಲಿ ಕೇಳಿ, ನಾಲ್ಕು ಕುರ್ಚಿ ಒಂದು ಗೋಡೆ ಇದ್ರೆ ಬ್ಯಾಚ್ ಆಗ್ತದೆ. ನಮ್ಮಲ್ಲಿಗೇ ಬಂದು ಮುಟ್ಟಿದ್ರೆ, ಚಪ್ಪಲಿ ಮಾತ್ರ ಒಳಗೆ ಇಡಿ. ತೋಟದ ನಾಯಿ ಒಂದೊಂದೇ ಕೊಂಡುಹೋಗ್ತದೆ, ಯಾವಾಗಲೂ ಎಡಗಾಲಿಂದೇ.